ಮೊಣಕಾಲುದ್ದ ನೀರಿಗೂ ಟಿಕೆಟ್

‘ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು’ ಎಂಬ ಗಾದೆ ನಮ್ಮಲ್ಲಿದೆ. ಅಷ್ಟು ದೊಡ್ಡ ಕಡಲಿನ ಮುಂದೆ ನಿಂತರೂ ಮೊಣಕಾಲು ಮುಳುಗುವಷ್ಟೇ ನೀರು ಸಿಕ್ಕಿತಲ್ಲ ಎಂಬ ಮರುಕ ಈ ಮಾತಿನಲ್ಲಿದೆ. ಆದರೆ ಇಬ್ಬರು ಪುಟ್ಟ ಮಕ್ಕಳ ಕೈ ಹಿಡಿದು ಸಮುದ್ರದ ದಡದಲ್ಲಿ ನಿಂತ ತಾಯಿಯನ್ನು ಕೇಳಿ ನೋಡಿ. ಮೊಣಕಾಲುದ್ದದ ತಿಳಿನೀರು, ಅಬ್ಬರವಿಲ್ಲದ ಅಲೆ, ಕಾಲಡಿಗೆ ಮೆತ್ತನೆಯ ಮರಳು ಇದ್ದರೆ ಅದಕ್ಕಿಂತ ದೊಡ್ಡ ಪುಣ್ಯ ಬೇರೆ ಬೇಡ ಎನ್ನುತ್ತಾಳೆ. ಅಂಥ ನೀರಿಗಾಗಿ ಕಾಸು ಕೊಡಲೂ ಅವಳು ಸಿದ್ಧ.

ಹಾಗೆ ಕಾಸು ಕೊಟ್ಟು ಇಳಿಯುವ ನೀರೊಂದು ಟರ್ಕಿಯ ನೈಋತ್ಯ ಮೂಲೆಯಲ್ಲಿದೆ. ಅದರ ಹೆಸರು ಓಲುದೆನಿಜ್. ಮುಗ್ಲಾ ಪ್ರಾಂತ್ಯದ ಫೆತಿಯೆ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 14 ಕಿಲೋಮೀಟರ್ ದೂರ. ಪೈನ್ ಮರಗಳ ನಡುವಿನ ಅಂಕುಡೊಂಕು ರಸ್ತೆಯಲ್ಲಿ ಇಳಿದು ಬಂದ ಪ್ರವಾಸಿಗೆ ಕಡಲಂಚಿನಲ್ಲಿ ಒಂದು ಆಯ್ಕೆ ಎದುರಾಗುತ್ತದೆ. ಮುಂದೆ ಚಾಚಿಕೊಂಡಿರುವುದು ಬೆಲ್ಜೆಕಿಜ್ ಎಂಬ ತೆರೆದ ಕಡಲತೀರ. ಅಲ್ಲಿಗೆ ಟಿಕೆಟ್ ಇಲ್ಲ, ಬಾಗಿಲಿಲ್ಲ, ಯಾರು ಬೇಕಾದರೂ ನಡೆದು ಹೋಗಿ ನೀರಿಗಿಳಿಯಬಹುದು. ಅದರ ಪಕ್ಕದಲ್ಲೇ ಒಂದು ಗೇಟು, ಟಿಕೆಟ್ ಕಟ್ಟೆ. ಅದನ್ನು ದಾಟಿದರೆ ಗುಡ್ಡಗಳ ಮಡಿಲಲ್ಲಿ ಅಡಗಿ ಕುಳಿತ ನೀಲಿ ಕೊಳ, ಅಂದರೆ ಲಗೂನ್. ಎರಡೂ ಒಂದೇ ಕಡಲು, ಎರಡರದೂ ಒಂದೇ ಉಪ್ಪು. ನಡುವೆ ಇರುವುದು ಒಂದು ಮರಳಿನ ನಾಲಿಗೆ ಮತ್ತು ಒಂದು ಟಿಕೆಟ್.

ಬಿಟ್ಟಿ ಸಿಗುವ ಕಡಲೋ, ಕಾಸು ಕೊಟ್ಟು ಪಡೆಯುವ ಕೊಳವೋ? ಪ್ರವಾಸಿಗಳ ಪಾಲಿಗೆ ಇದು ಅರ್ಧ ದಿನದ ಪ್ರಶ್ನೆ. ಆದರೆ ಇದರ ಹಿಂದೆ ಒಂದೂವರೆ ಸಾವಿರ ವರ್ಷ ಹಳೆಯದಾದ ಇನ್ನೊಂದು ಪ್ರಶ್ನೆಯಿದೆ. ಕಡಲತೀರ ಯಾರ ಸೊತ್ತು? ಪ್ರಕೃತಿ ತಾನಾಗಿಯೇ ಕಟ್ಟಿಕೊಟ್ಟ ಶಾಂತಿಗೆ ಬೆಲೆ ಕಟ್ಟುವ ಹಕ್ಕು ಯಾರಿಗಿದೆ?

ಸತ್ತ ಕಡಲು ಮತ್ತು ಒಂದು ದುರಂತ ಕತೆ

ಟರ್ಕಿ ಭಾಷೆಯಲ್ಲಿ ‘ಓಲು’ ಎಂದರೆ ಸತ್ತ, ‘ದೆನಿಜ್’ ಎಂದರೆ ಕಡಲು. ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲಿ ಉಪ್ಪಿನಂಶ ವಿಪರೀತವಾಗಿ ಮೀನುಗಳು ಬದುಕಲಾರವು. ಇಲ್ಲಿ ಹೊರಗೆ ಬಿರುಗಾಳಿ ಬೀಸುವಾಗಲೂ ನೀರು ಮಿಸುಕಾಡದೆ ಮಲಗಿರುತ್ತದೆ ಎಂಬ ಕಾರಣಕ್ಕೆ ಈ ಹೆಸರು.

ಈ ಹೆಸರಿಗೆ ಸ್ಥಳೀಯರು ಒಂದು ಕತೆ ಹೇಳುತ್ತಾರೆ. ಹಿಂದೆ ಈ ದಾರಿಯಾಗಿ ಸಾಗುತ್ತಿದ್ದ ಹಡಗುಗಳು ಕುಡಿಯುವ ನೀರಿಗಾಗಿ ಇಲ್ಲಿ ಲಂಗರು ಹಾಕುತ್ತಿದ್ದವು. ಒಮ್ಮೆ ಒಬ್ಬ ಮುದಿ ನಾವಿಕನ ಮಗ ನೀರು ತರಲೆಂದು ಸಣ್ಣ ದೋಣಿಯಲ್ಲಿ ದಡಕ್ಕೆ ಬಂದ. ಅಲ್ಲಿ ಬೆಲ್ಜೆಕಿಜ್ ಎಂಬ ಹುಡುಗಿಯನ್ನು ಕಂಡ. ಇಬ್ಬರಿಗೂ ಪ್ರೀತಿ ಮೂಡಿತು. ಅಂದಿನಿಂದ ಹಡಗು ಆ ದಾರಿಯಲ್ಲಿ ಬಂದಾಗಲೆಲ್ಲ ಹುಡುಗಿ ಬಂಡೆಯ ಮೇಲೆ ಕಾಯುವುದು, ಹುಡುಗ ನೀರಿನ ನೆಪದಲ್ಲಿ ಇಳಿಯುವುದು ನಡೆದೇ ಇತ್ತು.

ಒಂದು ದಿನ ತಂದೆ ಮಗ ಸಾಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಈ ಬಂಡೆಯ ಹಿಂದೆ ಅಲೆಯೇ ಇಲ್ಲದ ಕೊಲ್ಲಿಯೊಂದಿದೆ, ಹಡಗನ್ನು ಅತ್ತ ತಿರುಗಿಸೋಣ ಎಂದು ಮಗ ಹೇಳಿದ. ತಂದೆ ನಂಬಲಿಲ್ಲ. ಹುಡುಗಿಯನ್ನು ನೋಡುವ ಆಸೆಗೆ ಇವನು ಹಡಗನ್ನೇ ಬಂಡೆಗೆ ಅಪ್ಪಳಿಸುತ್ತಾನೆ ಎಂದು ಸಿಟ್ಟಿಗೆದ್ದು ಹುಟ್ಟಿನಿಂದ ಹೊಡೆದ. ಮಗ ಕಡಲಿಗೆ ಬಿದ್ದು ಸತ್ತ. ಚುಕ್ಕಾಣಿ ಹಿಡಿದ ತಂದೆ ಬಂಡೆಯನ್ನು ಸುತ್ತಿ ಬಂದಾಗ ಕಂಡದ್ದು ಕನ್ನಡಿಯಂಥ ನೀರು. ಮಗ ಹೇಳಿದ್ದು ನಿಜವಾಗಿತ್ತು. ಸುದ್ದಿ ತಿಳಿದ ಹುಡುಗಿ ಬಂಡೆಯಿಂದ ಹಾರಿ ಪ್ರಾಣ ಬಿಟ್ಟಳು. ಅವಳು ಸತ್ತ ಕಡೆಗೆ ಬೆಲ್ಜೆಕಿಜ್, ಅವನು ಸತ್ತ ಕಡೆಗೆ ಓಲುದೆನಿಜ್ ಎಂಬ ಹೆಸರು ಉಳಿಯಿತು.

ಕತೆ ಎಷ್ಟು ನಿಜವೋ, ಆದರೆ ಅದರಲ್ಲಿ ಒಂದು ಅನುಭವ ಅಡಗಿದೆ. ಬಿರುಗಾಳಿಯಲ್ಲಿ ಸಿಕ್ಕ ನಾವಿಕನಿಗೆ ತೆರೆದ ತೀರ ಸಾವಿನ ಜಾಗ, ಅಡಗಿದ ಕೊಳ ಬದುಕಿನ ಜಾಗ. ಒಂದು ಕಾಲಕ್ಕೆ ಆ ಕೊಳದ ಬೆಲೆ ಜೀವದ ಬೆಲೆಯೇ ಆಗಿತ್ತು.

ಶಾಂತಿಯನ್ನು ಕಟ್ಟಿದ್ದು ಅಲೆಗಳೇ

ಲಗೂನ್ ಎಂಬುದು ಹೇಗೆ ಹುಟ್ಟುತ್ತದೆ? ಇದನ್ನು ತಿಳಿಯಲು ಕನ್ನಡ ಕರಾವಳಿಯ ಓದುಗರು ದೂರ ಹೋಗಬೇಕಿಲ್ಲ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ನಿಂತರೆ ಒಂದು ಕಡೆ ಅಬ್ಬರಿಸುವ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ಮತ್ತು ಸೀತಾ ನದಿಗಳ ಶಾಂತ ನೀರು. ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಕರಾವಳಿಯಲ್ಲಿ ಇಂಥ ಪಟ್ಟಿಗೆ ‘ಬೆಂಗ್ರೆ’ ಎನ್ನುವುದು ವಾಡಿಕೆ.

ಓಲುದೆನಿಜ್‌ನಲ್ಲೂ ಇಂಥದ್ದೇ ಒಂದು ಪಟ್ಟಿಯಿದೆ. ಅದಕ್ಕೆ ಕುಂಬುರ್ನು ಎಂದು ಹೆಸರು, ‘ಮರಳಿನ ಮೂಗು’ ಎಂದು ಅರ್ಥ. ಅಲೆಗಳು ದಡಕ್ಕೆ ನೇರವಾಗಿ ಬಡಿಯದೆ ಓರೆಯಾಗಿ ಬಂದಾಗ ಮರಳು, ಸಣ್ಣ ಕಲ್ಲುಗಳನ್ನು ದಡದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಸುತ್ತವೆ. ದಡ ಒಳಕ್ಕೆ ತಿರುಗಿ ಕೊಲ್ಲಿಯಾಗುವ ಜಾಗ ಬಂದಾಗ ಅಲೆಯ ಬಲ ಕುಗ್ಗುತ್ತದೆ, ಹೊತ್ತು ತಂದ ಮರಳು ಅಲ್ಲೇ ಉದುರುತ್ತದೆ. ಹೀಗೆ ಸಾವಿರಾರು ವರ್ಷ ಉದುರಿದ ಮರಳು ಕೊಲ್ಲಿಯ ಬಾಯಿಗೆ ಅಡ್ಡಲಾಗಿ ನಾಲಿಗೆಯಂತೆ ಬೆಳೆಯುತ್ತದೆ. ಕೊನೆಗೆ ಕಿರಿದಾದ ಒಂದು ಬಾಯಿ ಮಾತ್ರ ಉಳಿಯುತ್ತದೆ. ಒಳಗಿನ ಶಾಂತಿಯನ್ನು ಕಟ್ಟಿದ್ದು ಹೊರಗಿನ ಅಲೆಗಳೇ ಎಂಬುದು ಇಲ್ಲಿನ ಸ್ವಾರಸ್ಯ.

ಅಲೆಗೆ ಬಲ ಬರುವುದು ಗಾಳಿಯಿಂದ. ಗಾಳಿ ಎಷ್ಟು ಜೋರಾಗಿ, ಎಷ್ಟು ಹೊತ್ತು, ಎಷ್ಟು ಅಗಲದ ನೀರಿನ ಮೇಲೆ ಬೀಸುತ್ತದೆ ಎಂಬುದರ ಮೇಲೆ ಅಲೆಯ ಎತ್ತರ ನಿಂತಿದೆ. ತೆರೆದ ಮೆಡಿಟರೇನಿಯನ್ ಸಮುದ್ರದ ಮೇಲೆ ಗಾಳಿಗೆ ಓಡಲು ನೂರಾರು ಕಿಲೋಮೀಟರ್ ಜಾಗವಿದೆ. ಗುಡ್ಡಗಳು ಸುತ್ತುವರಿದ ಕೊಳದಲ್ಲಿ ಅದಕ್ಕೆ ಮೈ ಚಾಚಲು ಎಡೆಯೇ ಇಲ್ಲ. ಅಲೆಯ ಎತ್ತರ ಎರಡರಷ್ಟಾದರೆ ಅದರೊಳಗಿನ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ಸರಳ ಲೆಕ್ಕ. ಆದ್ದರಿಂದ ಒಂದಡಿ ಎತ್ತರದ ಅಲೆಗೂ ಮೂರಡಿ ಎತ್ತರದ ಅಲೆಗೂ ಇರುವ ಅಂತರ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಮೊದಲನೆಯದರಲ್ಲಿ ಮಗು ನಕ್ಕು ಕುಣಿಯುತ್ತದೆ. ಎರಡನೆಯದು ದೊಡ್ಡವರನ್ನೂ ಕೆಡವಬಲ್ಲದು.

ದಡದ ಇಳಿಜಾರೂ ಮುಖ್ಯ. ಬೆಲ್ಜೆಕಿಜ್ ತೀರದಲ್ಲಿ ಮರಳಿಗಿಂತ ಉರುಟು ಕಲ್ಲುಗಳೇ ಹೆಚ್ಚು. ಇಂಥ ದಡ ಕಡಿದಾಗಿ ಇಳಿಯುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಸೊಂಟದುದ್ದ, ಇನ್ನೆರಡು ಹೆಜ್ಜೆಗೆ ಕಾಲು ಎಟುಕುವುದಿಲ್ಲ. ಈಜು ಬಲ್ಲವರಿಗೆ ಇದು ಸುಖ, ದಡದ ಪಕ್ಕದಲ್ಲೇ ಆಳವಾದ ತಿಳಿನೀರು. ಬಾರದವರಿಗೆ ಇದೇ ಅಪಾಯ. ಕುಂಬುರ್ನುವಿನ ಒಳಮಗ್ಗುಲಲ್ಲಿ ದಡ ನಿಧಾನವಾಗಿ ಇಳಿಯುತ್ತದೆ, ಮಕ್ಕಳು ದಡದ ಹತ್ತಿರ ನಿಂತು ಆಡಬಹುದು. ಅಲ್ಲಿಗೆ ಗಾದೆಯ ಮೊಣಕಾಲುದ್ದ ನೀರು ಸಿಕ್ಕಿದಂತಾಯಿತು.

ಕಾಸಿಗೆ ತಕ್ಕ ಕಜ್ಜಾಯವೇ?

ಹಾಗಾದರೆ ಯಾವುದು ಲೇಸು? ಬಿಟ್ಟಿ ತೀರ ಪೂರ್ತಿ ಬಿಟ್ಟಿಯೇನಲ್ಲ. ಬೆಲ್ಜೆಕಿಜ್‌ನಲ್ಲಿ ಕಾಲಿಡಲು ಕಾಸಿಲ್ಲ, ಟವೆಲ್ ಹಾಸಿ ಕುಳಿತರೆ ಯಾರೂ ಕೇಳುವುದಿಲ್ಲ. ಆದರೆ ಜುಲೈ, ಆಗಸ್ಟ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಉರುಟು ಕಲ್ಲುಗಳು ಕಾದ ಕಾವಲಿಯಂತಾಗುತ್ತವೆ. ಮರದ ನೆರಳಿಲ್ಲ. ಒರಗು ಕುರ್ಚಿ, ಕೊಡೆ ಬೇಕೆಂದರೆ ಬಾಡಿಗೆ ತೆರಬೇಕು. ಹೀಗೆ ಬಿಟ್ಟಿ ಬಂದವನ ಜೇಬಿಗೂ ಸಣ್ಣ ಕತ್ತರಿ ಬೀಳುತ್ತದೆ.

ಇದಕ್ಕೆ ಪ್ರತಿಯಾಗಿ ತೆರೆದ ತೀರ ಕೊಡುವುದೂ ಕಡಿಮೆಯಲ್ಲ. ನೀರು ಸದಾ ಹೊಸದು. ಕಣ್ಣು ಹಾಯಿಸಿದಷ್ಟು ದೂರ ಕಡಲು. ಬೆನ್ನ ಹಿಂದೆ 1,969 ಮೀಟರ್ ಎತ್ತರದ ಬಾಬಾದಾಗ್ ಬೆಟ್ಟ. ‘ತಂದೆ ಬೆಟ್ಟ’ ಎಂದು ಅದರ ಅರ್ಥ. ಅದರ ನೆತ್ತಿಯಿಂದ ಪ್ಯಾರಾಗ್ಲೈಡರುಗಳಲ್ಲಿ ಹಾರಿದವರು ಬಣ್ಣದ ಚಿಟ್ಟೆಗಳಂತೆ ಸುತ್ತು ಹಾಕುತ್ತ ಈ ತೀರಕ್ಕೇ ಬಂದಿಳಿಯುತ್ತಾರೆ. ಈ ನೋಟಕ್ಕೆ ಟಿಕೆಟ್ ಇಲ್ಲ.

ಗೇಟಿನ ಒಳಗೆ ಹೋದವರಿಗೆ ಸಿಗುವುದು ಪೈನ್ ಮರಗಳ ನೆರಳು, ಅಲೆಯಿಲ್ಲದ ನೀರು, ಮಕ್ಕಳ ಬಗ್ಗೆ ನಿಶ್ಚಿಂತೆ. ಕೊಳದೊಳಗೆ ಮೋಟಾರ್ ದೋಣಿಗಳಿಗೆ ಅವಕಾಶವಿಲ್ಲ; ಕಾಲಿನಿಂದ ತುಳಿಯುವ, ಕೈಯಿಂದ ಹುಟ್ಟು ಹಾಕುವ ದೋಣಿಗಳು ಮಾತ್ರ. ಆದರೆ ಬೇಸಿಗೆಯ ರಜೆಯಲ್ಲಿ ಜನ ಜಾತ್ರೆಯಂತೆ ಸೇರುತ್ತಾರೆ. ಟಿಕೆಟ್ ಕೊಟ್ಟು ಒಳಗೆ ಹೋದ ಮೇಲೂ ಕುರ್ಚಿಗೆ, ಕೊಡೆಗೆ ಬೇರೆ ಕಾಸು.

ಒಟ್ಟಿನಲ್ಲಿ ಈಜು ಬಲ್ಲ ತರುಣರಿಗೆ ತೆರೆದ ತೀರ, ಮಕ್ಕಳೊಂದಿಗರಿಗೆ ಕೊಳ ಎಂಬುದು ಅಲ್ಲಿಗೆ ಹೋಗಿಬಂದವರ ಸಾಮಾನ್ಯ ಅಭಿಪ್ರಾಯ. ಆದರೆ ಇದರೊಳಗೆ ಒಂದು ಮುಳ್ಳಿದೆ. ಶಾಂತ ನೀರು ಹೆಚ್ಚು ಬೇಕಾಗಿರುವುದು ಈಜು ಬಾರದವರಿಗೆ, ಮಕ್ಕಳಿಗೆ, ಮುದುಕರಿಗೆ. ಟಿಕೆಟ್ ಭಾರವಾಗುವುದು ಬಡವರಿಗೆ. ನಾಲ್ಕು ಮಕ್ಕಳ ಬಡ ಸಂಸಾರಕ್ಕೆ ಉಳಿಯುವ ಆಯ್ಕೆ ಕಡಿದಾದ ತೆರೆದ ತೀರ ಒಂದೇ.

ಕಡಲತೀರ ಯಾರದು?

ಈ ಪ್ರಶ್ನೆಗೆ ಅತ್ಯಂತ ಪ್ರಸಿದ್ಧವಾದ ಉತ್ತರ ಹೊರಬಂದದ್ದು ಇಂದಿನ ಟರ್ಕಿಯ ನೆಲದಿಂದಲೇ. ಕ್ರಿ.ಶ. 533ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಜಸ್ಟಿನಿಯನ್ ಚಕ್ರವರ್ತಿ ರೋಮನ್ ಕಾನೂನಿನ ಪಠ್ಯವೊಂದನ್ನು ಜಾರಿಗೆ ತಂದ. ‘ಇನ್‌ಸ್ಟಿಟ್ಯೂಟ್ಸ್’ ಎಂದು ಅದರ ಹೆಸರು. ಗಾಳಿ, ಹರಿಯುವ ನೀರು, ಕಡಲು ಮತ್ತು ಆ ಕಾರಣದಿಂದಲೇ ಕಡಲತೀರ ಸೃಷ್ಟಿ ನಿಯಮದಂತೆ ಎಲ್ಲರಿಗೂ ಸೇರಿದ್ದು ಎಂಬುದು ಅದರ ನಿಲುವು. ತೀರ ಎಂದರೆ ಎಲ್ಲಿಯವರೆಗೆ ಎಂಬುದಕ್ಕೂ ಅಲ್ಲಿ ಉತ್ತರವಿದೆ. ಚಳಿಗಾಲದ ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ತೀರ. ಗಡಿ ಹಾಕುವ ಅಧಿಕಾರವನ್ನು ಕಡಲಿಗೇ ಬಿಟ್ಟ ಜಾಣ್ಮೆ ಇದು.

ಇಂದಿನ ಟರ್ಕಿಯ ಕಾನೂನೂ ಇದೇ ದಾರಿಯಲ್ಲಿದೆ. 1982ರ ಸಂವಿಧಾನದ 43ನೇ ವಿಧಿಯ ಪ್ರಕಾರ ಕಡಲತೀರಗಳು ಸರಕಾರದ ಅಧೀನದಲ್ಲಿವೆ, ಅವುಗಳ ಬಳಕೆಯಲ್ಲಿ ಸಾರ್ವಜನಿಕ ಹಿತಕ್ಕೆ ಮೊದಲ ಸ್ಥಾನ. 1990ರ ಕರಾವಳಿ ಕಾಯಿದೆ ಇನ್ನೂ ಸ್ಪಷ್ಟ. ತೀರವು ಎಲ್ಲರ ಸಮಾನ ಮತ್ತು ಮುಕ್ತ ಬಳಕೆಗೆ ತೆರೆದಿರಬೇಕು ಎಂದು ಅದು ಹೇಳುತ್ತದೆ.

ಹಾಗಿದ್ದರೆ ಟಿಕೆಟ್ ಎಲ್ಲಿಂದ ಬಂತು? ಅದಕ್ಕೆ ಇನ್ನೊಂದು ಬಗೆಯ ಕಾನೂನು ದಾರಿ ಮಾಡಿಕೊಟ್ಟಿತು. ಓಲುದೆನಿಜ್ ಮತ್ತು ಪಕ್ಕದ ಕಿದ್ರಾಕ್ ಕೊಲ್ಲಿಯನ್ನು 1983ರಲ್ಲಿ ಪ್ರಕೃತಿ ಉದ್ಯಾನವೆಂದು ಘೋಷಿಸಲಾಯಿತು. 1988ರಲ್ಲಿ ಫೆತಿಯೆ-ಗೋಜೆಕ್ ಪ್ರದೇಶವನ್ನು ವಿಶೇಷ ಪರಿಸರ ಸಂರಕ್ಷಣಾ ವಲಯಕ್ಕೆ ಸೇರಿಸಲಾಯಿತು. ಉದ್ಯಾನ ಎಂದ ಮೇಲೆ ಗಡಿ, ಗೇಟು, ಕಾವಲು, ಕಸ ತೆಗೆಯುವವರು, ಶೌಚಾಲಯ ಎಲ್ಲವೂ ಬಂದವು. ಜೊತೆಗೆ ಪ್ರವೇಶ ಶುಲ್ಕವೂ ಬಂತು. ಹೀಗೆ ಕಾಸು ತೆಗೆದುಕೊಳ್ಳುವುದು ನೀರಿಗಲ್ಲ, ಉದ್ಯಾನಕ್ಕೆ ಎಂಬ ವಾದ ಹುಟ್ಟಿತು. ಉದ್ಯಾನವನ್ನು ದಾಟದೆ ಕುಂಬುರ್ನುವಿನ ನೀರು ಮುಟ್ಟಲಾಗದವನಿಗೆ ಈ ಎರಡರ ನಡುವಿನ ವ್ಯತ್ಯಾಸ ಹೆಚ್ಚೇನೂ ತಿಳಿಯದು.

ಮುಚ್ಚಿದ ನೀರಿನ ಕಷ್ಟ

ಆದರೂ ಟಿಕೆಟ್ಟಿನ ಪರವಾಗಿ ಒಂದು ಗಟ್ಟಿ ಕಾರಣವಿದೆ. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ಕೊಳವನ್ನು ಶಾಂತವಾಗಿಟ್ಟ ಅದೇ ಮರಳಿನ ನಾಲಿಗೆ ಅದನ್ನು ದುರ್ಬಲವೂ ಮಾಡಿದೆ. ತೆರೆದ ತೀರದಲ್ಲಿ ನೂರು ಜನ ಈಜಿದರೆ ಅವರ ಮೈಯ ಎಣ್ಣೆ, ಬೆವರು, ಕೊಳೆಯನ್ನು ಕಡಲು ಕ್ಷಣದಲ್ಲಿ ಹಂಚಿ ಹಾಕುತ್ತದೆ. ಕಿರಿದಾದ ಬಾಯಿಯ ಕೊಳದಲ್ಲಿ ನೀರು ಬದಲಾಗಲು ಹೊತ್ತು ಬೇಕು. ನಮ್ಮ ಕರಾವಳಿಯಲ್ಲಾದರೆ ಉಬ್ಬರ ಇಳಿತಗಳ ಅಂತರ ಒಂದು ಮೀಟರಿಗೂ ಹೆಚ್ಚು. ದಿನಕ್ಕೆ ಎರಡು ಬಾರಿ ಅಳಿವೆಗಳ ನೀರು ಒಳಕ್ಕೂ ಹೊರಕ್ಕೂ ಹರಿಯುತ್ತದೆ. ಮೆಡಿಟರೇನಿಯನ್ನಿನ ಹೆಚ್ಚಿನ ಕಡೆ ಈ ಅಂತರ ಅರ್ಧ ಮೀಟರೂ ಇಲ್ಲ. ಉಸಿರಾಟ ಕಡಿಮೆಯಿರುವ ಇಂಥ ನೀರಿಗೆ ದೋಣಿಗಳ ಡೀಸೆಲ್, ತೀರದ ಹೋಟೆಲುಗಳ ಕೊಳೆ ಸೇರಿದರೆ ‘ಸತ್ತ ಕಡಲು’ ಎಂಬ ಹೆಸರು ನಿಜವಾಗಲು ಬಹಳ ಕಾಲ ಬೇಕಿಲ್ಲ.

ಇಂಥ ಮುಚ್ಚಿದ ನೀರಿಗೆ ಮಿತಿ ಮೀರಿ ಜನ ಬಂದರೆ ಏನಾಗುತ್ತದೆ ಎಂಬುದಕ್ಕೆ ಹವಾಯಿ ದ್ವೀಪಗಳ ಹನೌಮಾ ಕೊಲ್ಲಿ ಒಳ್ಳೆಯ ಉದಾಹರಣೆ. ಅಲ್ಲಿಯೂ ಆಯ್ಕೆ ಇಂಥದ್ದೇ. ಹೊನೊಲುಲು ನಗರದ ವೈಕಿಕಿ ಕಡಲತೀರ ಎಲ್ಲರಿಗೂ ಬಿಟ್ಟಿ. ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದ ಹನೌಮಾ, ಹಳೆಯ ಜ್ವಾಲಾಮುಖಿಯ ಬಾಯಿಗೆ ಕಡಲು ನುಗ್ಗಿ ಆದ ಕೊಲ್ಲಿ. ಹವಳದ ದಿಬ್ಬ ಅಲೆಗಳನ್ನು ತಡೆಯುವುದರಿಂದ ಒಳಗೆ ನೀರು ಶಾಂತ, ಮೀನುಗಳು ಹೇರಳ.

1967ರಲ್ಲೇ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದರೂ 1980ರ ದಶಕದ ಕೊನೆಗೆ ದಿನಕ್ಕೆ 10,000 ಜನರವರೆಗೆ ಬರತೊಡಗಿದರು. ಹವಳದ ಮೇಲೆ ನಡೆದು ತುಳಿದರು, ಮೀನುಗಳಿಗೆ ಬ್ರೆಡ್ಡು ಬಟಾಣಿ ಹಾಕಿ ಅವುಗಳ ಆಹಾರ ಕ್ರಮವನ್ನೇ ಕೆಡಿಸಿದರು. ಕಡೆಗೆ ಜನಸಂಖ್ಯೆಗೆ ಕಡಿವಾಣ ಬಿತ್ತು. 1995ರಲ್ಲಿ ಹೊರಗಿನವರಿಗೆ ಪ್ರವೇಶ ಶುಲ್ಕ ಬಂತು. 2002ರಿಂದ ಪ್ರತಿಯೊಬ್ಬರೂ ಮೊದಲು ಒಂದು ಕಿರುಚಿತ್ರ ನೋಡಿ, ಹವಳವನ್ನು ತುಳಿಯಬಾರದೆಂದು ತಿಳಿದುಕೊಂಡೇ ಕೆಳಗಿಳಿಯಬೇಕು. 2020ರಲ್ಲಿ ಕೋವಿಡ್ ಕಾರಣದಿಂದ ಕೆಲವು ತಿಂಗಳು ಕೊಲ್ಲಿ ಮುಚ್ಚಿದ್ದಾಗ ನೀರು ಮೊದಲಿಗಿಂತ ತಿಳಿಯಾದದ್ದನ್ನು ವಿಜ್ಞಾನಿಗಳು ಅಳೆದು ತೋರಿಸಿದರು. ಅದಾದ ಮೇಲೆ ದಿನದ ಮಿತಿ ಇನ್ನಷ್ಟು ಬಿಗಿಯಾಯಿತು, ಹೊರಗಿನವರ ಶುಲ್ಕ 25 ಡಾಲರಿಗೆ ಏರಿತು, ವಾರದಲ್ಲಿ ಎರಡು ದಿನ ಕೊಲ್ಲಿಗೆ ರಜೆ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹವಾಯಿಯ ನಿವಾಸಿಗಳಿಗೆ ಟಿಕೆಟ್ ಇಲ್ಲ, 12 ವರ್ಷದೊಳಗಿನ ಮಕ್ಕಳಿಗೂ ಇಲ್ಲ. ಅಂದರೆ ಆ ಟಿಕೆಟ್ ಸ್ಥಳೀಯರನ್ನಾಗಲಿ ಮಕ್ಕಳನ್ನಾಗಲಿ ಹೊರಗಿಡುವುದಿಲ್ಲ. ದೂರದಿಂದ ಬರುವ ಗುಂಪನ್ನು ಅಳತೆಯಲ್ಲಿಡುತ್ತದೆ. ಎರಡು ಕಡೆ ಟಿಕೆಟ್ ಇದ್ದ ಮಾತ್ರಕ್ಕೆ ಎರಡೂ ಒಂದೇ ಬಗೆಯ ಟಿಕೆಟ್ ಆಗುವುದಿಲ್ಲ.

ಟವೆಲ್ ಹಿಡಿದು ಬೀದಿಗಿಳಿದವರು

ಕಾಯಿದೆಯಲ್ಲಿ ತೀರ ಎಲ್ಲರದ್ದೇ ಆಗಿದ್ದರೂ ಬಾಡಿಗೆ ಕುರ್ಚಿಗಳ ಸಾಲು ಅದನ್ನು ನುಂಗುವುದುಂಟು. 2023ರ ಬೇಸಿಗೆಯಲ್ಲಿ ಗ್ರೀಸಿನ ಪಾರೋಸ್ ದ್ವೀಪದ ಜನ ಇದರ ವಿರುದ್ಧ ಎದ್ದು ನಿಂತರು. ಅನುಮತಿಗಿಂತ ಹೆಚ್ಚು ಜಾಗಕ್ಕೆ ಕೊಡೆ, ಕುರ್ಚಿ ಹರಡಿ, ಊರಿನವರು ಟವೆಲ್ ಹಾಸಲೂ ಎಡೆಯಿಲ್ಲದಂತೆ ಮಾಡಿದ್ದಾರೆ ಎಂಬುದು ಅವರ ದೂರು. ‘ಟವೆಲ್ ಚಳವಳಿ’ ಎಂದೇ ಹೆಸರಾದ ಇದು ಬೇರೆ ದ್ವೀಪಗಳಿಗೂ, ನೆರೆಯ ಟರ್ಕಿಯ ಕೆಲವು ಊರುಗಳಿಗೂ ಹಬ್ಬಿತು. 2024ರಲ್ಲಿ ಗ್ರೀಸ್ ಹೊಸ ಕಾಯಿದೆ ತಂದು ತೀರದ ಕನಿಷ್ಠ ಅರ್ಧ ಭಾಗ ಕುರ್ಚಿ ಕೊಡೆಗಳಿಲ್ಲದೆ ಮುಕ್ತವಾಗಿರಬೇಕೆಂದು ವಿಧಿಸಿತು. ಫ್ರಾನ್ಸಿನಲ್ಲಂತೂ 2006ರ ನಿಯಮದಂತೆ ಸಹಜ ಕಡಲತೀರದ ಶೇ 80 ಭಾಗ ಬಾಡಿಗೆಯವರ ಕೈಗೆ ಸಿಗುವಂತಿಲ್ಲ.

ಈ ನಿಯಮಗಳೆಲ್ಲ ಮರಳಿನ ಮೇಲಿನ ಜಾಗದ ಲೆಕ್ಕ ಇಡುತ್ತವೆ. ನೀರಿನ ಗುಣದ ಲೆಕ್ಕ ಇಡುವುದಿಲ್ಲ. ಎಷ್ಟು ಮೀಟರ್ ತೀರ ಬಿಟ್ಟಿ ಎಂದು ಅವು ಹೇಳುತ್ತವೆ; ಬಿಟ್ಟಿ ಸಿಗುವ ಆ ತೀರದಲ್ಲಿ ಒಂದು ಮಗು ನಿರ್ಭಯವಾಗಿ ನೀರಿಗಿಳಿಯಬಹುದೇ ಎಂದು ಹೇಳುವುದಿಲ್ಲ.

ನಮ್ಮ ದಡದಲ್ಲಿ

ಈ ಮಾತು ಕರ್ನಾಟಕಕ್ಕೂ ಹತ್ತಿರದ್ದು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ನೋಡಿ ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಕೊಡುವ ಪದ್ಧತಿಯಿದೆ. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ತೀರಗಳಿಗೆ ಅದು ಮೊದಲ ಬಾರಿ ಸಿಕ್ಕಿತು. ಅವುಗಳಲ್ಲಿ ಎರಡು ನಮ್ಮವು: ಹೊನ್ನಾವರ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ತೀರಕ್ಕೆ ಪ್ರವೇಶ ಶುಲ್ಕವಿದೆ. ಅದೇ ಊರಿನ ಮುಖ್ಯ ಕಡಲತೀರಕ್ಕೆ ಇಲ್ಲ. ಓಲುದೆನಿಜ್‌ನ ಆಯ್ಕೆ ಸಣ್ಣ ಪ್ರಮಾಣದಲ್ಲಿ ಇಲ್ಲಿಗೂ ಬಂದು ನಿಂತಿದೆ.

ಕಾನೂನಿನ ಮಟ್ಟದಲ್ಲಿ ಭಾರತವೂ ಜಸ್ಟಿನಿಯನ್ನನ ಮಾತನ್ನು ಒಪ್ಪಿಕೊಂಡಿದೆ. 1996ರಲ್ಲಿ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ಪ್ರಕರಣದಲ್ಲಿ, ಹಿಮಾಚಲದ ಬಿಯಾಸ್ ನದಿಯ ದಂಡೆಯ ಬಗ್ಗೆ ತೀರ್ಪು ಕೊಡುತ್ತ, ಇದೇ ರೋಮನ್ ತತ್ವವನ್ನು ನೆನೆಯಿತು. ಗಾಳಿ, ನೀರು, ಕಡಲು, ಕಾಡುಗಳನ್ನು ಸರಕಾರ ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ, ಮಾಲೀಕನಲ್ಲ ಎಂದಿತು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಪ್ರದೇಶಕ್ಕೆ ಕಟ್ಟುಪಾಡು ಹಾಕಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲೇ ಬಂದಿತ್ತು. ಅದು ಮುಂದೆ ಹಲವು ತಿದ್ದುಪಡಿ ಕಂಡಿದೆ.

ಆದರೆ ನಮ್ಮ ತೀರ ಬಹುಪಾಲು ತೆರೆದ ತೀರ. ಬೆಂಗ್ರೆಗಳ ಒಳಮಗ್ಗುಲಿನ ನೀರು ನೋಡಲು ಶಾಂತವಾದರೂ ಅದು ಲಗೂನಿನಷ್ಟು ನಿರಪಾಯವಲ್ಲ. ಅಳಿವೆಯ ಬಾಯಲ್ಲಿ ಇಳಿತದ ಹೊತ್ತಿಗೆ ನೀರು ಬಲವಾಗಿ ಹೊರಕ್ಕೆ ಎಳೆಯುತ್ತದೆ. ತೆರೆದ ತೀರದಲ್ಲಿ ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಓಣಿ ಮಾಡಿಕೊಂಡು ಕಡಲಿಗೆ ಮರಳುತ್ತದೆ. ಅಲೆ ಕಡಿಮೆಯಿದ್ದಂತೆ ಕಾಣುವ ಆ ಓಣಿಯೇ ಸೆಳೆತದ ಜಾಗ. ಅದಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು ಎನ್ನುತ್ತಾರೆ ಬಲ್ಲವರು. ಬಯಲುಸೀಮೆಯಿಂದ ಮೊದಲ ಬಾರಿ ಕಡಲು ನೋಡಲು ಬಂದ ಮಕ್ಕಳಿಗೆ ಇದನ್ನು ಹೇಳುವವರು ಯಾರು? 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಕಡಲಿನ ಪಾಲಾದರು. ಕೋಲಾರದ ಕಡೆಯಿಂದ ಬಂದಿದ್ದ ಆ ಮಕ್ಕಳು ಇಳಿದದ್ದು ಟಿಕೆಟ್ ಇಲ್ಲದ, ಎಲ್ಲರಿಗೂ ತೆರೆದ ಕಡಲಿಗೆ.

ಬಿಟ್ಟಿ ತೀರ ಎಂದರೆ ದಿಕ್ಕಿಲ್ಲದ ತೀರ ಎಂದಾಗಬಾರದು. ತರಬೇತಾದ ಜೀವರಕ್ಷಕರು, ಸೆಳೆತದ ಜಾಗ ತೋರುವ ಕೆಂಪು ಬಾವುಟ, ಈಜಬಹುದಾದ ಜಾಗಕ್ಕೆ ಹಗ್ಗದ ಗಡಿ, ಆಯಾ ಊರಿನ ಕಡಲು ಬಲ್ಲ ಮೀನುಗಾರರ ನೆರವು, ಇಷ್ಟಿದ್ದರೆ ತೆರೆದ ತೀರದಲ್ಲೂ ಸ್ವಲ್ಪ ಕೊಳದ ಗುಣ ಬರುತ್ತದೆ. ಟಿಕೆಟ್ ತೀರಗಳಿಂದ ಬರುವ ಹಣದಲ್ಲಿ ಒಂದು ಪಾಲು ಪಕ್ಕದ ಬಿಟ್ಟಿ ತೀರದ ಜೀವರಕ್ಷಕನ ಸಂಬಳಕ್ಕೆ ಹೋದರೆ ಟಿಕೆಟ್ ಕೊಂಡವನಿಗೂ ಸಂತೋಷವಾದೀತು. ಕೊಳಕ್ಕೆ ಶುಲ್ಕ ಇರಲಿ, ಅದು ಕೊಳವನ್ನು ಕಾಯಲಿ. ಆದರೆ ಜೀವಭಯವಿಲ್ಲದೆ ನೀರಿಗಿಳಿಯುವ ಸುಖ ಕಾಸುಳ್ಳವರಿಗೆ ಮಾತ್ರ ಮೀಸಲಾಗದಿರಲಿ.

ಓಲುದೆನಿಜ್‌ನ ಕತೆಯಲ್ಲಿ ತಂದೆ ಮಗನ ಮಾತನ್ನು ನಂಬಲಿಲ್ಲ. ಶಾಂತವಾದ ನೀರು ಒಂದು ಬಂಡೆಯ ಆಚೆಗೇ ಇತ್ತು. ಇಂದು ಆ ನೀರು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು, ದಾರಿಯಲ್ಲಿ ಫಲಕಗಳೂ ಇವೆ. ಗೇಟಿನ ಬಳಿ ನಿಂತ ದೊಡ್ಡ ಸಂಸಾರವೊಂದು ತಲೆಗಳನ್ನು ಎಣಿಸಿ, ಟಿಕೆಟ್ ದರ ಓದಿ, ಮಕ್ಕಳನ್ನು ಕರೆದುಕೊಂಡು ಉರುಟು ಕಲ್ಲುಗಳ ತೀರದತ್ತ ತಿರುಗಿದರೆ ಅಲ್ಲಿ ಅವರಿಗಾಗಿ ಯಾರಾದರೂ ಕಾವಲಿರಬೇಕು. ಕಡಲು ಎಲ್ಲರದೂ ಎಂದು ಹದಿನೈದು ಶತಮಾನಗಳ ಹಿಂದೆ ಬರೆದಿಟ್ಟ ಮಾತಿಗೆ ಆಗ ಮಾತ್ರ ಅರ್ಥ ಬರುತ್ತದೆ.